ಹಾವಿನ ಮರಿ ತರೋಕೆ ಮುಂಚೆ ಅದರ ಕಾರ್ಡ್ ಕೇಳಿ

ನನ್ನ ಮುಂಗೈಗೆ ಸುತ್ಕೊಂಡಿದಾಳಲ್ಲ, ಹೆಬ್ಬಾವಿನ ಜಾತಿಯ ಈ ಬಾಲ್ ಪೈಥಾನ್‌ಗೆ ಈಗ ಎರಡು ವರ್ಷ. ಇವಳಿಗಿಂತ ಮುಂಚೆ ನಮ್ಮ ಮನೇಲಿ ಇನ್ನೊಂದು ಹಾವಿತ್ತು. ಅದರ ವಿಷಯ ಮೊದಲು ಹೇಳ್ತೀನಿ. ಒಳ್ಳೆ ಬ್ರೀಡರ್, ಅಂದ್ರೆ ಹಾವು ಸಾಕಿ ಮರಿ ಮಾಡಿಸಿ ಮಾರೋರು, ಹೇಗಿರ್ತಾರೆ ಅಂತ ನನಗೆ ಗೊತ್ತಾಗಿದ್ದು ಅದನ್ನ ಕಳ್ಕೊಂಡ ಮೇಲೆ.

ಅದನ್ನ ಬರೀ ಫೋಟೋ ನೋಡಿ ತಗೊಂಡಿದ್ದೆ. ‘ಚೆನ್ನಾಗಿ ತಿನ್ನುತ್ತೆ’ ಅಂದ್ರು, ನಂಬಿದೆ. ಮೂರನೇ ದಿನ ಬೆಳಿಗ್ಗೆ ನೋಡಿದ್ರೆ ನೀರಿನ ಬಟ್ಟಲಲ್ಲಿ ಮೈಯೆಲ್ಲ ಮುಳುಗಿಸ್ಕೊಂಡು ಮಲಗಿದೆ. ಎತ್ತಿದೆ. ಬಟ್ಟಲ ತಳದಲ್ಲಿ ಪೆನ್ಸಿಲ್ ಮೊನೆಯಿಂದ ಇಟ್ಟಂಥ ಕಪ್ಪು ಚುಕ್ಕಿಗಳು. ಕಣ್ಣಿನ ಅಂಚಲ್ಲಿ, ಗದ್ದದ ಕೆಳಗಿನ ಸೀಳಲ್ಲಿ ಕೂಡ ಅವೇ. ರಕ್ತ ಹೀರೋ ನುಸಿ. ಆಮೇಲೆ ವಾರಗಟ್ಟಲೆ ಏನೂ ತಿನ್ನಲಿಲ್ಲ. ಇದು ಕಾಡಿಂದ ಹಿಡಿದು ತಂದಿದ್ದಿರಬೇಕು ಅಂದ್ರು ಡಾಕ್ಟರ್. ಉಳಿಯಲಿಲ್ಲ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಘಾನಾ, ಟೋಗೊ, ಬೆನಿನ್ ಕಡೆ ಕಾಡಲ್ಲಿ ಸಿಕ್ಕ ಮೊಟ್ಟೆಗಳನ್ನೋ, ಗಬ್ಬದ ಹೆಣ್ಣುಗಳನ್ನೋ ತಂದು ಮರಿ ಮಾಡಿಸಿ ರಫ್ತು ಮಾಡ್ತಾರೆ. ಅಂಥ ಮರಿಯನ್ನೂ ‘ಸಾಕಣೆಯಲ್ಲೇ ಹುಟ್ಟಿದ್ದು’ ಅಂತ ಮಾರೋಕಾಗುತ್ತೆ, ಯಾಕಂದ್ರೆ ಮೊಟ್ಟೆ ಒಡೆದಿದ್ದು ಕಾಡಲ್ಲಲ್ಲ, ಪೆಟ್ಟಿಗೆಯಲ್ಲೇ ತಾನೆ. ಅದಕ್ಕೆ ‘ಎಲ್ಲಿ ಹುಟ್ಟಿದ್ದು’ ಅಂತ ಕೇಳಿದ್ರೆ ಸಾಲದು. ‘ಇದರ ಅಪ್ಪ ಅಮ್ಮ ನಿಮ್ಮ ಹತ್ರ ಇದಾವಾ, ತೋರಿಸ್ತೀರಾ’ ಅಂತ ಕೇಳಿ. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನ ನಿಯಂತ್ರಿಸೋ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಈ ಜಾತಿ ಇದೆ. ಹಾಗಾಗಿ ನೀವಿರೋ ಕಡೆ ಇದನ್ನ ಸಾಕೋಕೆ ಏನು ಕಾಗದಪತ್ರ ಬೇಕು ಅನ್ನೋದನ್ನ ಹಾವು ನೋಡೋಕೆ ಹೋಗೋ ಮುಂಚೆನೇ ತಿಳ್ಕೊಳ್ಳಿ.

ಇವಳನ್ನ ಕೊಟ್ಟ ಬ್ರೀಡರ್ ನನ್ನನ್ನ ಒಳಗೆ ಬಿಡೋಕೆ ಮುಂಚೆ ಕೈ ತೊಳೆಸಿದ್ರು. ಇವತ್ತು ಬೇರೆ ಹಾವು ಮುಟ್ಟಿದೀರಾ ಅಂತ ಕೇಳಿದ್ರು. ನನಗೆ ಆಗ ಸ್ವಲ್ಪ ಬೇಜಾರಾಯ್ತು, ನಿಜ. ಪೈಥಾನ್‌ಗಳಿಗೆ ಉಸಿರಾಟದ ಕಾಯಿಲೆ ತರೋ ನೈಡೋವೈರಸ್ ಅಂತ ಒಂದಿದೆ, 2014ರಲ್ಲಿ ಗುರುತಿಸಿದ್ದು. ಮೇಲ್ನೋಟಕ್ಕೆ ಆರೋಗ್ಯವಾಗಿ ಕಾಣೋ ಹಾವಲ್ಲೂ ಅದಿರಬಹುದು. ಅದನ್ನ ಓದಿದ ಮೇಲೆ ಅವರ ಮೇಲೆ ಗೌರವ ಜಾಸ್ತಿ ಆಯ್ತು.

ಪ್ರತಿ ಮರಿಯ ಡಬ್ಬಿ ಮೇಲೂ ಒಂದೊಂದು ಕಾರ್ಡ್ ಅಂಟಿಸಿದ್ರು. ಇವಳ ಕಾರ್ಡ್ ಇದೇ, ನೋಡಿ. ಮೊಟ್ಟೆ ಒಡೆದ ದಿನ, ಮೊದಲ ಪೊರೆ ಬಿಟ್ಟ ದಿನ, ಆಮೇಲೆ ಸಾಲಾಗಿ ಊಟದ ದಿನಗಳು, ಪಕ್ಕದಲ್ಲಿ ತೂಕ. ಮೊದಲ ಎರಡು ಸಲ ‘ತಿನ್ನಲಿಲ್ಲ’ ಅಂತ ಬರೆದಿದೆ. ಮೂರನೇ ಸಲ ಇಲಿ ಮರಿ ತಿಂದಿದಾಳೆ. ಅಲ್ಲಿಂದ ಸತತ ಆರು ಊಟ, ಎಲ್ಲಾ ಫ್ರೀಜರ್‌ನಿಂದ ತೆಗೆದು ಬೆಚ್ಚಗೆ ಮಾಡಿ ಕೊಟ್ಟಿದ್ದು. ನನಗೆ ನಂಬಿಕೆ ಬಂದಿದ್ದು ಆ ಎರಡು ‘ತಿನ್ನಲಿಲ್ಲ’ ನೋಡಿ. ಬಾಲ್ ಪೈಥಾನ್ ಮರಿಗಳು ಊಟ ಬೇಡ ಅನ್ನೋದು ಸಾಮಾನ್ಯ. ಅದನ್ನ ಮುಚ್ಚಿಡದೆ ಬರೆದಿಟ್ಟವರು ಬೇರೆದನ್ನೂ ಮುಚ್ಚಿಡಲ್ಲ ಅನ್ನಿಸ್ತು.

ಅಲ್ಲಿ ಹೋಗೋವಾಗ ನನ್ನ ಮನಸ್ಸಲ್ಲಿದ್ದಿದ್ದು ಸ್ಪೈಡರ್ ಮಾರ್ಫ್. ಮಾರ್ಫ್ ಅಂದ್ರೆ ಒಂದೇ ಜಾತಿಯಲ್ಲಿ ಬೇರೆ ಬಣ್ಣ, ಬೇರೆ ಗೆರೆಯ ತಳಿ. ಮೈ ಮೇಲೆ ಜೇಡರ ಬಲೆ ಥರ ಗೆರೆ, ತುಂಬಾ ಚಂದ. ಅವರು ಸ್ಪಷ್ಟವಾಗಿ ಹೇಳಿದ್ರು: ಆ ಗೆರೆ ಕೊಡೋ ಜೀನೇ ತಲೆ ವಾಲೋ ತೊಂದರೇನೂ ಕೊಡುತ್ತೆ, ಒಂದನ್ನ ಬಿಟ್ಟು ಇನ್ನೊಂದು ಬರಲ್ಲ, ಅದಕ್ಕೇ ನಾನು ಅಂಥ ಮರಿ ಮಾಡಿಸಲ್ಲ. ಅಂಥ ಹಾವು ಇಲಿ ಹಿಡಿಯೋಕೆ ಹೋಗಿ ಗುರಿ ತಪ್ಪೋದನ್ನ, ತಲೆಕೆಳಗಾಗಿ ತಿರುಚ್ಕೊಳ್ಳೋದನ್ನ ನೀವು ವಿಡಿಯೋಗಳಲ್ಲಿ ನೋಡಿರಬಹುದು. ‘ಅದೇನೂ ಆಗಲ್ಲ’ ಅನ್ನೋ ಬ್ರೀಡರ್ ಸಿಕ್ಕಿದ್ರೆ ದಯವಿಟ್ಟು ವಾಪಸ್ ಬನ್ನಿ.

ಆಮೇಲೆ ಪ್ರಶ್ನೆ ಕೇಳೋ ಸರದಿ ಅವರದು. ಹೀಟರ್‌ಗೆ ಥರ್ಮೋಸ್ಟಾಟ್ ಇದೆಯಾ? ಬೆಚ್ಚಗಿನ ಕಡೆ ಎಷ್ಟು ಡಿಗ್ರಿ? ಅಡಗೋಕೆ ಎರಡು ಜಾಗ ಇಟ್ಟಿದೀರಾ? ಇದು 20ರಿಂದ 30 ವರ್ಷ ಬದುಕುತ್ತೆ, ಅಷ್ಟು ದಿನ ನೋಡ್ಕೊಳ್ತೀರಾ? ಪೆಟ್ಟಿಗೆಯ ಬೆಚ್ಚಗಿನ ಭಾಗ ಒಂದು ವಾರ 32 ಡಿಗ್ರಿ ಹತ್ರ ಸ್ಥಿರವಾಗಿ ನಿಂತಿದ್ದನ್ನ ಫೋಟೋ ತೆಗೆದು ಕಳಿಸಿದ ಮೇಲೇನೇ ಇವಳನ್ನ ಕೊಟ್ಟಿದ್ದು.

ನಿನ್ನೆ ತೂಕ ಹಾಕಿದೆ, 1,140 ಗ್ರಾಂ. ಅವರಿಗೆ ಮೆಸೇಜ್ ಮಾಡಿದ್ರೆ ಮೊದಲು ಕೇಳಿದ್ದು, ‘ಪೊರೆ ಒಂದೇ ತುಂಡಾಗಿ ಬಂತಾ, ಕಣ್ಣಿನ ಮೇಲಿನ ಪೊರೆಯೂ ಅದರ ಜೊತೆ ಬಂತಾ?’ ಬಂತು. ಇಲ್ಲಿದೆ ನೋಡಿ, ಬೆಳಕಿಗೆ ಹಿಡೀತೀನಿ. ತಲೆ ಹತ್ರ ಎರಡು ಪುಟ್ಟ ಗುಂಡನೆ ಗಾಜಿನ ಥರ ಕಾಣ್ತಿದೆಯಲ್ಲ, ಅದೇ ಕಣ್ಣಿನ ಮೇಲಿನ ಪೊರೆ.