ನಾಮಪತ್ರಕ್ಕೆ ಮೊದಲೇ ಬಂಧನ: ನಿಕರಾಗುವಾ ಮತ್ತು ಹೊರಜಗತ್ತು

ಕೇಳುಗರಿಗೆ ನಮಸ್ಕಾರ.

2021ರ ಜೂನ್ 2ರಂದು ಮಧ್ಯ ಅಮೆರಿಕದ ದೇಶವಾದ ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಿ ಕ್ರಿಸ್ಟಿಯಾನಾ ಚಮೊರೊ ಅವರ ಮನೆಗೆ ಪೊಲೀಸರು ನುಗ್ಗಿದರು. ನವೆಂಬರ್ 7ರಂದು ನಡೆಯಬೇಕಿದ್ದ ಚುನಾವಣೆಯಲ್ಲಿ ಅಧ್ಯಕ್ಷ ಡೇನಿಯಲ್ ಒರ್ಟೆಗಾ ಅವರ ಎದುರು ನಿಲ್ಲಲು ಸಿದ್ಧರಾಗಿದ್ದ ಆಕೆಯನ್ನು ಅಕ್ರಮ ಹಣ ವರ್ಗಾವಣೆಯ ಆರೋಪದ ಮೇಲೆ ಗೃಹಬಂಧನದಲ್ಲಿ ಇಡಲಾಯಿತು. ಮೂರು ದಿನ ಕಳೆಯುವಷ್ಟರಲ್ಲಿ ಆರ್ತುರೊ ಕ್ರೂಸ್ ಬಂಧಿತರಾದರು. ಜೂನ್ 8ರಂದು ಫೆಲಿಕ್ಸ್ ಮರಾದಿಯಾಗಾ ಮತ್ತು ಹುವಾನ್ ಸೆಬಾಸ್ಟಿಯನ್ ಚಮೊರೊ ಅವರ ಸರದಿ ಬಂತು. ಜುಲೈ ಮುಗಿಯುವ ಹೊತ್ತಿಗೆ ಅಧ್ಯಕ್ಷ ಸ್ಥಾನದ ಏಳು ಆಕಾಂಕ್ಷಿಗಳು ಬಂಧನದಲ್ಲಿದ್ದರು.

ಇದೇ ದೇಶದಲ್ಲಿ 1990ರ ಫೆಬ್ರವರಿ 25ರಂದು ನಡೆದ ಚುನಾವಣೆಯನ್ನು ಇಲ್ಲಿ ನೆನೆಯಬೇಕು. ಸ್ವತಂತ್ರ ರಾಷ್ಟ್ರವೊಂದರ ಚುನಾವಣೆಗೆ ವಿಶ್ವಸಂಸ್ಥೆ ವೀಕ್ಷಕರನ್ನು ಕಳುಹಿಸಿದ್ದು ಅದೇ ಮೊದಲು. ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳ ದೇಶಗಳ ಕೂಟವಾದ ಅಮೆರಿಕ ರಾಷ್ಟ್ರಗಳ ಸಂಘಟನೆಯ ವೀಕ್ಷಕರೂ, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೂ ಅಲ್ಲಿದ್ದರು. ಆ ಚುನಾವಣೆಯಲ್ಲಿ ಒರ್ಟೆಗಾ ಸೋತರು, ಸೋಲನ್ನು ಒಪ್ಪಿಕೊಂಡು ಅಧಿಕಾರವನ್ನೂ ಬಿಟ್ಟುಕೊಟ್ಟರು. ಗೆದ್ದವರು ಕ್ರಿಸ್ಟಿಯಾನಾ ಅವರ ತಾಯಿ ವಿಯೊಲೆಟಾ ಚಮೊರೊ. ವೀಕ್ಷಕರ ಮುಂದೆ ನಡೆಯುವ ಮತದಾನದಲ್ಲಿ ಸೋಲೂ ಬರಬಹುದೆಂಬುದನ್ನು ಒರ್ಟೆಗಾ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಹೊರಜಗತ್ತು ಈ ಬಾರಿ ನಿದ್ದೆ ಹೋಗಿತ್ತೆಂದು ಹೇಳಿದರೆ ಅನ್ಯಾಯವಾದೀತು. ಬಂಧನಗಳು ಆರಂಭವಾಗುವುದಕ್ಕೆ ಏಳು ತಿಂಗಳು ಮೊದಲೇ, 2020ರ ಅಕ್ಟೋಬರ್‌ನಲ್ಲಿ, ಅಮೆರಿಕ ರಾಷ್ಟ್ರಗಳ ಸಂಘಟನೆಯ ಮಹಾಸಭೆ ಚುನಾವಣಾ ಸುಧಾರಣೆಗೆ 2021ರ ಮೇ ತಿಂಗಳ ಗಡುವು ವಿಧಿಸಿತ್ತು. ಗಡುವು ಮೀರಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಸ್ಪಷ್ಟವಾಗಿ ಹೇಳಿರಲಿಲ್ಲ. ಒರ್ಟೆಗಾ ಸರ್ಕಾರ ಅದಕ್ಕೆ ತನ್ನದೇ ರೀತಿಯಲ್ಲಿ ಉತ್ತರಿಸಿತು. ವಿದೇಶಿ ನಿರ್ಬಂಧಗಳನ್ನು ಕೋರುವವರನ್ನು, ಅವುಗಳಿಗೆ ಚಪ್ಪಾಳೆ ತಟ್ಟುವವರನ್ನು ದೇಶದ್ರೋಹಿಗಳೆಂದು ಕರೆದು ಸ್ಪರ್ಧೆಯಿಂದ ಹೊರಗಿಡುವ ಕಾಯ್ದೆಯನ್ನು ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಮೇ ತಿಂಗಳು ಬಂದಾಗ, ತನ್ನ ಪಕ್ಷದವರೇ ಹೆಚ್ಚಾಗಿದ್ದ ಚುನಾವಣಾ ಮಂಡಳಿಯನ್ನು ನೇಮಿಸಿತು. ಹೊರಗಿನವರ ನೆರವು ಕೇಳುವುದನ್ನೇ ಅಪರಾಧವಾಗಿಸಿದ ಆ ಕಾಯ್ದೆಯ ಜಾಣತನವನ್ನು, ಅದು ಎಷ್ಟೇ ಕೆಟ್ಟದ್ದಾದರೂ, ಗಮನಿಸದೆ ಇರಲಾಗದು.

ಬಂಧನಗಳ ನಂತರ, ಜೂನ್ 15ರಂದು, ಸಂಘಟನೆಯ ಸ್ಥಾಯಿ ಮಂಡಳಿ ಅವುಗಳನ್ನು ಖಂಡಿಸಿತು. ಪರವಾಗಿ 26 ಮತಗಳು, ವಿರುದ್ಧ 3. ಐದು ದೇಶಗಳು ತಟಸ್ಥವಾಗಿ ಉಳಿದವು; ಅವುಗಳಲ್ಲಿ ಮೆಕ್ಸಿಕೊ ಮತ್ತು ಅರ್ಜೆಂಟೀನಾ, ಮತ್ತೊಂದು ದೇಶದ ಒಳವಿಚಾರದಲ್ಲಿ ತಲೆಹಾಕಬಾರದೆಂಬ ತತ್ತ್ವವನ್ನು ಮುಂದಿಟ್ಟವು. ಆ ತತ್ತ್ವವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅಮೆರಿಕದ ನೌಕಾಸೈನಿಕರು ವರ್ಷಗಟ್ಟಲೆ ಬೀಡುಬಿಟ್ಟಿದ್ದ ದೇಶ ನಿಕರಾಗುವಾ. ಆದರೆ ಸೆರೆಯಲ್ಲಿದ್ದವರು ಅದೇ ದೇಶದ ಪ್ರಜೆಗಳು. ಅವರನ್ನು ಬಿಡಿ ಎಂದು ಕೇಳುವುದೂ ಹಸ್ತಕ್ಷೇಪವೆನಿಸುವುದಾದರೆ, ಪ್ರಜಾಪ್ರಭುತ್ವವನ್ನು ಕಾಪಾಡುತ್ತೇವೆಂದು ಈ ರಾಷ್ಟ್ರಗಳು ಕೂಡಿ ಸಹಿ ಹಾಕಿದ್ದು ಏತಕ್ಕೆ?

ಆಗಸ್ಟ್ 2ರಂದು ಐರೋಪ್ಯ ಒಕ್ಕೂಟವು ಉಪಾಧ್ಯಕ್ಷೆಯೂ ಒರ್ಟೆಗಾ ಅವರ ಪತ್ನಿಯೂ ಆದ ರೊಸಾರಿಯೊ ಮುರಿಯೊ ಸೇರಿದಂತೆ ಎಂಟು ಜನರ ಮೇಲೆ ನಿರ್ಬಂಧ ಹೇರಿತು. ಅದೇ ತಿಂಗಳು ಅಂತರರಾಷ್ಟ್ರೀಯ ಹಣಕಾಸು ನಿಧಿ ಕೊರೊನಾ ಕಾಲದ ನೆರವಾಗಿ ಎಲ್ಲ ಸದಸ್ಯ ರಾಷ್ಟ್ರಗಳಿಗೂ ಮೀಸಲು ನಿಧಿ ಹಂಚಿದಾಗ ನಿಕರಾಗುವಾಕ್ಕೂ ಸುಮಾರು 35 ಕೋಟಿ ಡಾಲರ್ ಸಂದಿತು. ಮಧ್ಯ ಅಮೆರಿಕದ ಅಭಿವೃದ್ಧಿ ಬ್ಯಾಂಕಿನ ಸಾಲ ನಿಲ್ಲಲಿಲ್ಲ, ಅಮೆರಿಕದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೂ ಧಕ್ಕೆಯಾಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಮನಾಗುವಾದ ಅಧಿಕಾರಸ್ಥರು ಗಮನವಿಟ್ಟು ಓದಿದ್ದು ಖಂಡನೆಯ ನಿರ್ಣಯಗಳನ್ನಲ್ಲ, ಈ ಲೆಕ್ಕವನ್ನು.

ವ್ಯಾಪಾರವನ್ನೇ ಮುಟ್ಟಿದ ಉದಾಹರಣೆ ಇಲ್ಲವೆಂದಲ್ಲ. ಕಾಂಬೋಡಿಯಾದಲ್ಲಿ ಮುಖ್ಯ ವಿರೋಧಪಕ್ಷವನ್ನು 2017ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೇ ವಿಸರ್ಜಿಸಿತು. ಮರುವರ್ಷದ ಜುಲೈನಲ್ಲಿ ಆಳುವ ಪಕ್ಷ 125ಕ್ಕೆ 125 ಸ್ಥಾನಗಳನ್ನೂ ಗೆದ್ದಿತು. ಐರೋಪ್ಯ ಒಕ್ಕೂಟ ಆ ದೇಶಕ್ಕೆ ಕೊಟ್ಟಿದ್ದ ಸುಂಕ ವಿನಾಯಿತಿಯ ಒಂದು ಭಾಗವನ್ನು ಹಿಂಪಡೆದದ್ದು 2020ರ ಆಗಸ್ಟ್‌ನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಹೊಂದುವ ಸಂದರ್ಭ ಸಿಗುವುದು ಕಷ್ಟ.

ನಿಕರಾಗುವಾದಲ್ಲಿ ನಿಗದಿಯಾದ ದಿನವೇ ಮತದಾನ ನಡೆದು, ಒರ್ಟೆಗಾ ಅವರಿಗೆ ಶೇ 75ಕ್ಕೂ ಹೆಚ್ಚು ಮತ ಬಿತ್ತೆಂದು ಘೋಷಣೆಯಾಯಿತು. ಈ ಚುನಾವಣೆಗೆ ಪ್ರಜಾಸತ್ತಾತ್ಮಕ ಮಾನ್ಯತೆಯಿಲ್ಲವೆಂದು ಐದು ದಿನಗಳ ನಂತರ 25 ಅಮೆರಿಕ ರಾಷ್ಟ್ರಗಳು ಮತ ಹಾಕಿದವು; ಮುಂದಿನ ವಾರವೇ ಒರ್ಟೆಗಾ ಸರ್ಕಾರ ಆ ಸಂಘಟನೆಯನ್ನು ತೊರೆಯುವುದಾಗಿ ಪ್ರಕಟಿಸಿತು. 2022ರ ಮಾರ್ಚ್‌ನಲ್ಲಿ ಸಂಘಟನೆಯಲ್ಲಿದ್ದ ನಿಕರಾಗುವಾ ರಾಯಭಾರಿ ಆರ್ತುರೊ ಮೆಕ್‌ಫೀಲ್ಡ್ಸ್, ಸಭೆಯಲ್ಲಿ ಕುಳಿತೇ ತಮ್ಮ ಸರ್ಕಾರವನ್ನು ಸರ್ವಾಧಿಕಾರವೆಂದು ಕರೆದು ಎಲ್ಲರನ್ನೂ ದಂಗುಬಡಿಸಿದರು. ಒಂದು ತಿಂಗಳಲ್ಲಿ ಮನಾಗುವಾದಲ್ಲಿದ್ದ ಸಂಘಟನೆಯ ಕಚೇರಿಯನ್ನೇ ಸರ್ಕಾರ ವಶಪಡಿಸಿಕೊಂಡಿತು.

ಸೆರೆಯಲ್ಲಿದ್ದವರ ಬಿಡುಗಡೆಗೆ 2023ರ ಫೆಬ್ರವರಿ 9ರವರೆಗೆ ಕಾಯಬೇಕಾಯಿತು. ಅಂದು 222 ಜನರನ್ನು ವಿಮಾನದಲ್ಲಿ ಕೂರಿಸಿ ವಾಷಿಂಗ್ಟನ್‌ಗೆ ಕಳುಹಿಸಲಾಯಿತು. ಅವರ ನಾಗರಿಕತ್ವವನ್ನೂ ಕಿತ್ತುಕೊಳ್ಳಲಾಯಿತು. ಪೌರತ್ವ ಕೊಡಲು ಸ್ಪೇನ್ ಮುಂದೆ ಬಂತು. ವಿಮಾನ ಹತ್ತಲು ನಿರಾಕರಿಸಿದ ಬಿಷಪ್ ರೊಲಾಂಡೊ ಅಲ್ವಾರೆಸ್ ಅವರಿಗೆ ಮರುದಿನವೇ 26 ವರ್ಷಗಳ ಶಿಕ್ಷೆ ವಿಧಿಸಲಾಯಿತು. ವಿಯೊಲೆಟಾ ಚಮೊರೊ 2025ರ ಜೂನ್‌ನಲ್ಲಿ ತೀರಿಕೊಂಡದ್ದು ನೆರೆಯ ಕೋಸ್ಟರಿಕಾದಲ್ಲಿ. ಅಷ್ಟು ಹೊತ್ತಿಗೆ ನಿಕರಾಗುವಾದ ಸಂವಿಧಾನವೇ ಬದಲಾಗಿ, ಮುರಿಯೊ ಪತಿಯೊಂದಿಗೆ ಸಹ ಅಧ್ಯಕ್ಷೆಯಾಗಿದ್ದರು. ಐದು ವರ್ಷಗಳ ಅಧಿಕಾರಾವಧಿ ಆರಕ್ಕೇರಿದ್ದರಿಂದ, 2026ರಲ್ಲಿ ಬರಬೇಕಿದ್ದ ಚುನಾವಣೆಯೂ ಒಂದು ವರ್ಷ ಮುಂದಕ್ಕೆ ಹೋಯಿತು.