ನೇಮರ್ ಹೋದ, 222 ಮಿಲಿಯನ್ ಬಂತು. ಆ ದುಡ್ಡು ಏನಾಯ್ತು?

ನಮಸ್ಕಾರ! ಫುಟ್‌ಬಾಲ್ ಸೂಪರ್‌ಸ್ಟಾರ್ ಒಬ್ಬ ಕ್ಲಬ್ ಬದಲಾಯಿಸಿದರೆ ಲಾಭ ಯಾರಿಗೆ? ಕಳಿಸಿದವರಿಗಾ, ಕರೆದುಕೊಂಡವರಿಗಾ? ನಿಮ್ಮಲ್ಲಿ ತುಂಬಾ ಜನ ಕೇಳಿದ್ದೀರಿ. ಒಂದೇ ಡೀಲ್ ನೋಡೋಣ, ಸಾಕು.

2017ರ ಆಗಸ್ಟ್. ಬ್ರೆಜಿಲ್‌ನ ನೇಮರ್ ಸ್ಪೇನ್‌ನ ಬಾರ್ಸಿಲೋನಾ ಕ್ಲಬ್ (ಚಿಕ್ಕದಾಗಿ ಬಾರ್ಸಾ) ಬಿಟ್ಟು ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ಗೆ ಹೋದ. ಬೆಲೆ 222 ಮಿಲಿಯನ್ ಯೂರೋ, ಅಂದರೆ ಆಗಿನ ಲೆಕ್ಕದಲ್ಲಿ 1,600 ಕೋಟಿ ರೂಪಾಯಿಗೂ ಜಾಸ್ತಿ. ಬೆಲೆಯಲ್ಲಿ ಹಿಂದಿನ ದಾಖಲೆ ಫ್ರಾನ್ಸ್‌ನ ಆಟಗಾರ ಪೊಗ್ಬಾದು. ಅದು ಇದರ ಅರ್ಧವೂ ಇರಲಿಲ್ಲ!

ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಸ್ಪೇನ್‌ನಲ್ಲಿ ಆಟಗಾರರ ಒಪ್ಪಂದದಲ್ಲಿ ರಿಲೀಸ್ ಕ್ಲಾಜ್ ಅಂತ ಒಂದು ಮೊತ್ತ ಇರುತ್ತದೆ. ಅಷ್ಟು ಕಟ್ಟಿದರೆ ಕ್ಲಬ್ 'ಕಳಿಸಲ್ಲ' ಅನ್ನುವ ಹಾಗಿಲ್ಲ. ಬಾರ್ಸಾಗೆ ಮಾರುವ ಮನಸ್ಸೇ ಇರಲಿಲ್ಲ. ಕತಾರ್ ದುಡ್ಡಿರುವ ಪಿಎಸ್‌ಜಿ ಕಟ್ಟೇಬಿಟ್ಟಿತು.

[ಗ್ರಾಫಿಕ್ಸ್: ಯುರೋಪ್ ನಕ್ಷೆ, ದುಡ್ಡು ಓಡುವ ಬಾಣಗಳು]

ಈಗ ಮಜಾ ಶುರು. ಊರಲ್ಲಿ ಒಬ್ಬರು ಜಮೀನು ಮಾರಿದ್ದಾರೆ, ಕೈಯಲ್ಲಿ ದುಡ್ಡಿದೆ ಅಂತ ಗೊತ್ತಾದರೆ ಏನಾಗುತ್ತದೆ? ಅವರು ಸೈಟ್ ಕೇಳಲು ಹೋದ ಕಡೆಯಲ್ಲೆಲ್ಲ ರೇಟ್ ಏರುತ್ತದೆ, ಅಲ್ವಾ? ಬಾರ್ಸಾ ಕಥೆಯೂ ಅದೇ. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ ತನ್ನ ಆಟಗಾರ ಡೆಂಬೆಲೆಯನ್ನು ಕೊಡಲು ಬಾರ್ಸಾದಿಂದ 105 ಮಿಲಿಯನ್ ತೆಗೆದುಕೊಂಡಿತು, ಬೋನಸ್ ಬೇರೆ. 2018ರ ಜನವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನಿಂದ ಕೌಟಿನ್ಯೊ ಅನ್ನುವ ಆಟಗಾರ ಬಂದ, ಅದಕ್ಕಿಂತಲೂ ದುಬಾರಿಗೆ. ನೇಮರ್ ದುಡ್ಡು ಅಲ್ಲಿಗೆ ಖಾಲಿ.

ಲಿವರ್‌ಪೂಲ್ ಏನು ಮಾಡಿತು? ಕೌಟಿನ್ಯೊ ಹೊರಡುವ ಹೊತ್ತಿಗೆ ಡಿಫೆನ್ಸ್‌ಗೆ ವಾನ್ ಡೈಕ್, ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್. ಯುರೋಪ್‌ನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ 2019ರ ಸೆಮಿಫೈನಲ್‌ನಲ್ಲಿ ಬಾರ್ಸಾ ಮೊದಲ ಪಂದ್ಯವನ್ನು 3-0 ಗೆದ್ದಿತ್ತು. ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ಗೆ ಹೋಗಿ 0-4 ಸೋತಿತು! ಕಪ್ ಲಿವರ್‌ಪೂಲ್‌ಗೆ.

ತಾಳಿ, ಮುಗಿದಿಲ್ಲ. ಬಾರ್ಸಾ ಕೌಟಿನ್ಯೊನನ್ನು ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್‌ಗೆ ಸಾಲ ಕೊಟ್ಟಿತು, ಅಂದರೆ ಸ್ವಲ್ಪ ಕಾಲ ಆಡಲು ಕಳಿಸಿತು. 2020ರ ಆಗಸ್ಟ್‌ನಲ್ಲಿ ಅದೇ ಚಾಂಪಿಯನ್ಸ್ ಲೀಗ್‌ನಲ್ಲಿ ಬಯರ್ನ್ ಬಾರ್ಸಾವನ್ನು 8-2ರಿಂದ ಬಡಿಯಿತು. ಕೊನೆಗೆ ಬದಲಿಯಾಗಿ ಬಂದ ಕೌಟಿನ್ಯೊ ಎರಡು ಗೋಲ್ ಹೊಡೆದ. ತನ್ನದೇ ಆಟಗಾರನ ಕೈಲಿ ಹೊಡೆಸಿಕೊಳ್ಳೋದು ಅಂದರೆ ಇದು! ಒಂಬತ್ತು ದಿನ ಬಿಟ್ಟು ಫೈನಲ್. ಅಲ್ಲಿ ಬಯರ್ನ್‌ಗೆ 1-0ರಿಂದ ಸೋತಿದ್ದು ಯಾರು ಗೊತ್ತಾ? ನೇಮರ್ ಇದ್ದ ಪಿಎಸ್‌ಜಿ.

ಟೈಮ್ ಆಗ್ತಾ ಇದೆ, ಪಿಎಸ್‌ಜಿ ಲೆಕ್ಕ ಬೇಗ ಹೇಳಿಬಿಡ್ತೀನಿ. 222 ಮಿಲಿಯನ್ ಅನ್ನು ಐದು ವರ್ಷದ ಒಪ್ಪಂದಕ್ಕೆ ಹಂಚಿದರೆ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ 44 ಮಿಲಿಯನ್ ಚಿಲ್ಲರೆ, ಸಂಬಳ ಬೇರೆ. ಜೆರ್ಸಿ ಮಾರಿಯೇ ಅಸಲು ಬರುತ್ತೆ ಅನ್ನೋದನ್ನು ನಂಬಬೇಡಿ, ಅದರಲ್ಲಿ ದೊಡ್ಡ ಪಾಲು ಹೋಗೋದು ಜೆರ್ಸಿ ಕಂಪನಿಗೆ ಮತ್ತು ಅಂಗಡಿಗಳಿಗೆ. ಜಗತ್ತಿನ ಕಣ್ಣು ಪ್ಯಾರಿಸ್ ಮೇಲೆ ಬಿತ್ತು ನಿಜ. ಫ್ರೆಂಚ್ ಲೀಗ್ ಐದು ಸಲ ಬಂತು, 173 ಪಂದ್ಯಗಳಲ್ಲಿ 118 ಗೋಲ್ ಬಂತು, ಗಾಯಗಳೂ ಬಂದವು. ಚಾಂಪಿಯನ್ಸ್ ಲೀಗ್ ಮಾತ್ರ ಬರಲಿಲ್ಲ.

2023ರಲ್ಲಿ ನೇಮರ್ ಸೌದಿಯ ಅಲ್ ಹಿಲಾಲ್‌ಗೆ ಹೊರಟ. ಅದೇ ಆಗಸ್ಟ್‌ನಲ್ಲಿ ಪಿಎಸ್‌ಜಿ ಸುಮಾರು 50 ಮಿಲಿಯನ್‌ಗೆ ಇನ್ನೊಬ್ಬನನ್ನು ತಂದಿತು. ಅವನೇ ಡೆಂಬೆಲೆ, ನೇಮರ್ ದುಡ್ಡಲ್ಲಿ ಬಾರ್ಸಾ ಕೊಂಡಿದ್ದ ಹುಡುಗ! 2025ರಲ್ಲಿ ಪಿಎಸ್‌ಜಿ ಇಟಲಿಯ ಇಂಟರ್ ಮಿಲಾನ್ ಅನ್ನು 5-0 ಸೋಲಿಸಿ ಚಾಂಪಿಯನ್ಸ್ ಲೀಗ್ ಕಪ್ ಎತ್ತಿತು. ಆ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ ಬ್ಯಾಲನ್ ಡಿ'ಓರ್ ಕೂಡ ಡೆಂಬೆಲೆಗೇ.