ಕಾಟು ಹೊಡೆದ ಅಂಕಗಳು

ಕೇಳುಗರಿಗೆ ನಮಸ್ಕಾರ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಮಕ್ಕಳು ಲೆಕ್ಕ ಮಾಡುವ ಚೌಕುಳಿ ಹಾಳೆಯ ಪುಸ್ತಕ. ಹನ್ನೆರಡು ವರ್ಷಗಳಿಂದ ನಾನು ಕುಡಿದ ಬ್ರಿಟನ್ನಿನ ಬಾಟಲಿ ಏಲ್‌ಗಳ ಹೆಸರು, ಅವಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಟ್ಟೆ ಅನ್ನೋದು ಅದರಲ್ಲಿದೆ. ನಾನಿರುವುದು ಯಾರ್ಕ್‌ಷೈರ್‌ನ ಲೀಡ್ಸ್‌ನಲ್ಲಿ. ಶನಿವಾರ ಸಂಜೆ, ಊಟಕ್ಕೆ ಮುಂಚೆ, ಒಂದು ಬಾಟಲಿ. ಅಷ್ಟೇ. ಪುಸ್ತಕ ತಿರುವಿ ಹಾಕಿದರೆ ಅಂಕಗಳಿಗಿಂತ ಕಾಟು ಹೊಡೆದ ಗೆರೆಗಳೇ ಜಾಸ್ತಿ ಕಾಣುತ್ತವೆ. ಇವತ್ತಿನ ಮಾತು ಆ ಗೆರೆಗಳದ್ದೇ.

ಏಲ್ ಅಂದರೇನು, ಮೊದಲು ಅದನ್ನು ಮುಗಿಸಿಬಿಡುತ್ತೇನೆ. ಊರಲ್ಲಿ ನಾವು ಕಂಡಿರುವ ತಣ್ಣನೆಯ ಹಳದಿ ಬೀರ್ ಬಹುಪಾಲು ಲಾಗರ್. ಅದರ ಯೀಸ್ಟ್ ಚಳಿಯಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಏಲ್‌ನ ಯೀಸ್ಟ್‌ಗೆ ಸ್ವಲ್ಪ ಬೆಚ್ಚಗಿರಬೇಕು, 20 ಡಿಗ್ರಿ ಆಸುಪಾಸು. ಬೇಗ ಉಕ್ಕುತ್ತದೆ, ಹಣ್ಣಿನ ವಾಸನೆ ಬಿಡುತ್ತದೆ. ಕಾಳು ಬಾರ್ಲಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿ ತೋರಿಸಿದರೆ ಮಾಲ್ಟ್. ರಾಗಿ ಮಾಲ್ಟ್ ಕುಡಿದು ಬೆಳೆದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಮೊಳಕೆ ರಾಗಿ ಹುರಿಯುವಾಗ ಅಡುಗೆಮನೆ ತುಂಬುವ ಘಮ ಇದೆಯಲ್ಲ, ಬ್ರೌನ್ ಏಲ್ ಲೋಟಕ್ಕೆ ಮೂಗು ಹಿಡಿದರೆ ಅದರ ದಾಯಾದಿ ಸಿಗುತ್ತದೆ. ಕಹಿ ಬರುವುದು ಹಾಪ್ ಅನ್ನೋ ಬಳ್ಳಿಯ ಹೂವಿನಿಂದ. ಇಲ್ಲಿಯ ಹಳೇ ಜಾತಿಗಳು ಗೋಲ್ಡಿಂಗ್ ಮತ್ತು ಫಗಲ್. ಮಣ್ಣು, ಸೊಪ್ಪು ನೆನಪಿಸುವ ಕಹಿ ಅವುಗಳದ್ದು. ಅಮೆರಿಕದ ಹೊಸ ಹಾಪ್‌ಗಳ ಹಾಗೆ ಚಕ್ಕೋತ, ಮಾವು ಅಂತ ಕೂಗಿ ಹೇಳುವುದಿಲ್ಲ.

ಈಗ ಮೊದಲ ಕಾಟು. ವರ್ದಿಂಗ್‌ಟನ್ಸ್ ವೈಟ್ ಶೀಲ್ಡ್, ಬರ್ಟನ್ ಊರಿನದು, ಆಲ್ಕೋಹಾಲ್ ಶೇ. 5.6. ಮೊದಲು ಬರೆದದ್ದು 4 ಅಂಕ. ಪಕ್ಕದಲ್ಲಿ ಷರಾ: "ಕೆಸರು ನೀರು. ಬೆಂಕಿಕಡ್ಡಿ ವಾಸನೆ."

ಎರಡೂ ನಿಜ, ಎರಡಕ್ಕೂ ನಾನು ಅಂಕ ಕಳೆದದ್ದು ತಪ್ಪು. ಇದು ಬಾಟಲಿಯೊಳಗೇ ಯೀಸ್ಟ್ ಜೀವಂತ ಇರುವ ಏಲ್. ಮುಚ್ಚಳ ಬಿದ್ದ ಮೇಲೂ ಒಳಗೆ ಕೆಲಸ ನಡೆಯುತ್ತಿರುತ್ತದೆ, ಅದರಿಂದಲೇ ಸಣ್ಣ ಗುಳ್ಳೆ. ಕೆಲಸ ಮುಗಿಸಿದ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ. ಮಂಗಳೂರಿನವರು ಕ್ಷಮಿಸಬೇಕು, ಇದು ಕೋಳಿ ಗಸಿ ಅಲ್ಲ! 1971ರಲ್ಲಿ ಕ್ಯಾಮ್ರಾ ಅನ್ನೋ ಗ್ರಾಹಕರ ಸಂಘ ಹುಟ್ಟಿದಾಗ ಇಂಥ ಜೀವಂತ ಬಾಟಲಿಗಳು ದೇಶದಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದವು. ವೈಟ್ ಶೀಲ್ಡ್ ಅವುಗಳಲ್ಲಿ ಒಂದು. ಅದನ್ನು ಬಗ್ಗಿಸುವುದೇ ಪಬ್ಬಿನವರಿಗೆ ಒಂದು ಕೈಚಳಕವಾಗಿತ್ತಂತೆ. ನಾನು ಅಂಗಡಿಯಿಂದ ತಂದವನೇ ಚೀಲದಿಂದ ತೆಗೆದು ಗಳಗಳ ಸುರಿದಿದ್ದೆ. ಕೆಸರಾಗದೆ ಇನ್ನೇನಾಗುತ್ತದೆ?

ಸರಿಯಾದ ಕ್ರಮ ನಮ್ಮ ತಿಳಿಸಾರಿನದ್ದೇ. ಬಾಟಲಿಯನ್ನು ಒಂದು ದಿನ ನಿಲ್ಲಿಸಿಡಬೇಕು. ಲೋಟವನ್ನೂ ಬಾಟಲಿಯನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ, ಲೋಟ ಓರೆ ಹಿಡಿದು, ಒಂದೇ ಧಾರೆಯಲ್ಲಿ ಬಗ್ಗಿಸಬೇಕು. ನಡುವೆ ನಿಲ್ಲಿಸಿ ಬಾಟಲಿ ನೆಟ್ಟಗೆ ಮಾಡಿದರೆ ಗಸಿ ಎದ್ದುಬಿಡುತ್ತದೆ. ಕೊನೆಯ ಒಂದು ಬೆರಳಷ್ಟು ಉಳಿದಾಗ, ಕತ್ತಿನ ಹತ್ತಿರ ಹೊಗೆಯ ಎಳೆ ಥರ ಬಿಳಿ ಗೆರೆ ಹರಿದು ಬರುವುದು ಕಾಣುತ್ತದೆ. ಅಲ್ಲಿಗೆ ಸಾಕು. ತಿಳಿ ಲೋಟಕ್ಕೆ, ಗಸಿ ಬಾಟಲಿಗೆ. ಗಸಿ ಕುಡಿದರೂ ಏನೂ ಆಗುವುದಿಲ್ಲ. ಬೇಕು ಅಂತ ಕೇಳಿ ಹಾಕಿಸಿಕೊಳ್ಳುವವರೂ ಇದ್ದಾರೆ.

ಬೆಂಕಿಕಡ್ಡಿ ವಾಸನೆ ಬರ್ಟನ್ನಿನ ನೀರಿನದು. ಅಲ್ಲಿಯ ಬಾವಿ ನೀರಿನಲ್ಲಿ ಜಿಪ್ಸಮ್ ಕರಗಿರುತ್ತದೆ. ಅದರಿಂದ ಗಂಧಕದ ಒಂದು ಎಳೆ ಏಲ್‌ಗೂ ಬರುತ್ತದೆ, ಬಗ್ಗಿಸಿದ ಕೆಲವು ನಿಮಿಷಕ್ಕೆ ಹೋಗುತ್ತದೆ. ಅದೇ ಜಿಪ್ಸಮ್ ಹಾಪ್‌ನ ಕಹಿಯನ್ನು ಚೂಪು ಮಾಡುತ್ತದೆ. ಈ ನೀರಿಗಾಗಿಯೇ ಬರ್ಟನ್ ಊರು ಪೇಲ್ ಏಲ್‌ಗೆ, ಅಂದರೆ ತಿಳಿಬಣ್ಣದ ಏಲ್‌ಗೆ, ಹೆಸರಾಯಿತು. ಭಾರತಕ್ಕೆ ಹೋಗುವ ಪೇಲ್ ಏಲ್ ಮೊದಲು ಲಂಡನ್ನಿನ ಬೋ ಬಡಾವಣೆಯ ಹಾಡ್ಜ್‌ಸನ್ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆ ಅವನ ಕಾರ್ಖಾನೆಗೆ ಹತ್ತಿರ. 1822ರ ಹೊತ್ತಿಗೆ ಬರ್ಟನ್ನಿನ ಆಲ್ಸಪ್ ಆ ವ್ಯಾಪಾರಕ್ಕೆ ಇಳಿದ, ಹಿಂದೆಯೇ ಅದೇ ಊರಿನ ಬಾಸ್ ಕಂಪನಿ ಬಂತು. ಇಂಡಿಯಾ ಪೇಲ್ ಏಲ್ ಅನ್ನುವ ಹೆಸರಿನಲ್ಲಿ ನಾವಿರುವುದು ಹೀಗೆ. ಬಾಸ್‌ನ ಕೆಂಪು ತ್ರಿಕೋನ ಬ್ರಿಟನ್ನಿನಲ್ಲಿ ನೋಂದಣಿಯಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್, 1876ರದ್ದು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕೂಡ 1915ರಲ್ಲಿ ಥಾಮಸ್ ಲೀಷ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಕಾರ್ಖಾನೆ ಕೂಡಿಸಿ ಕಟ್ಟಿದ್ದು. ಇರಲಿ, ಪುಸ್ತಕಕ್ಕೆ ಬರುತ್ತೇನೆ. ವೈಟ್ ಶೀಲ್ಡ್‌ನ 4ಕ್ಕೆ ಕಾಟು, ಪಕ್ಕದಲ್ಲಿ 8.

ಎರಡನೇ ಕಾಟಿನ ಏಲ್‌ಗೆ ಹೆಸರು ಹೇಳುವುದಿಲ್ಲ, ತಪ್ಪು ನನ್ನದೇ. ಬಣ್ಣವಿಲ್ಲದ ಗಾಜಿನ ಬಾಟಲಿ. ಒಳಗಿನ ಜೇನುಬಣ್ಣ ಚೆನ್ನಾಗಿ ಕಾಣುತ್ತದೆ ಅಂತ ಅಡುಗೆಮನೆ ಕಿಟಕಿಯಲ್ಲಿ ನಾಲ್ಕು ದಿನ ಇಟ್ಟೆ. ಶನಿವಾರ ಮುಚ್ಚಳ ತೆಗೆದಾಗ ನನ್ನ ಹೆಂಡತಿ ಆ ಕಡೆಯಿಂದಲೇ ಕೇಳಿದಳು, "ಏನ್ರೀ, ಹಿಂಗಿನ ಡಬ್ಬಿಗೆ ರಬ್ಬರ್ ಸುಟ್ಟು ಹಾಕಿದ್ದೀರಾ?" ಅವಳು ಕುಡಿಯುವುದಿಲ್ಲ, ಆದರೆ ಮೂಗು ನನಗಿಂತ ಚುರುಕು. ನಾನು 2 ಅಂಕ ಬರೆದೆ.

ಆಮೇಲೆ ಗೊತ್ತಾಯಿತು. ಹಾಪ್‌ನ ಕಹಿ ಅಂಶಕ್ಕೆ ಬೆಳಕು ಬಿದ್ದರೆ ಅದು ಒಡೆದು, ಗಂಧಕದ ಜೊತೆ ಸೇರಿ, ಈ ಗಬ್ಬು ವಾಸನೆ ಮಾಡುತ್ತದೆ. ಅಮೆರಿಕದವರು ಇದನ್ನು ಸ್ಕಂಕ್ ಅನ್ನೋ ಪ್ರಾಣಿಗೆ ಹೋಲಿಸುತ್ತಾರೆ. ನಮ್ಮಲ್ಲಿ ಆ ಪ್ರಾಣಿ ಇಲ್ಲ, ಹಿಂಗೇ ಸಾಕು. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಸ್ವಲ್ಪ, ಬಣ್ಣವಿಲ್ಲದ ಗಾಜು ತಡೆಯುವುದೇ ಇಲ್ಲ ಅನ್ನಬಹುದು. ಇಂಗ್ಲೆಂಡಿನ ಎಷ್ಟೋ ಹೆಸರಾಂತ ಏಲ್‌ಗಳು ಇವತ್ತಿಗೂ ಬಣ್ಣವಿಲ್ಲದ ಬಾಟಲಿಯಲ್ಲೇ ಬರುತ್ತವೆ. ಚೆಂದಕ್ಕೆ ಅಂತ ಒಳ್ಳೇ ಮಾಲು ಕೆಡಿಸಿಕೊಳ್ಳುವುದು ಯಾವ ಜಾಣತನವೋ. ನಾನಂತೂ ಈಗ ಅಂಗಡಿಯ ಕಪಾಟಿನಲ್ಲಿ ದೀಪಕ್ಕೆ ಎದುರಾಗಿರುವ ಬಾಟಲಿ ಮುಟ್ಟುವುದಿಲ್ಲ, ಹಿಂದಿನ ಸಾಲಿಗೆ ಕೈ ಹಾಕುತ್ತೇನೆ.

ಮೂರನೆಯದು ಓಲ್ಡ್ ಪೆಕ್ಯುಲಿಯರ್. ಫ್ರಿಜ್‌ನಿಂದ ನೇರ ತೆಗೆದು ಕುಡಿದೆ. ತಣ್ಣಗಿತ್ತು, ಕಪ್ಪಗಿತ್ತು, ರುಚಿಯೇ ಇರಲಿಲ್ಲ. 5 ಅಂಕ. ಅಷ್ಟರಲ್ಲಿ ಫೋನ್ ಬಂತು. ಅರ್ಧ ಗಂಟೆ ಬಿಟ್ಟು ಬಂದು ಉಳಿದದ್ದನ್ನು ಕುಡಿದರೆ ಬೇರೆಯದೇ ಏಲ್! ಖರ್ಜೂರ, ಒಣದ್ರಾಕ್ಷಿ, ಆಲೆಮನೆಯಲ್ಲಿ ಕೊಪ್ಪರಿಗೆ ಅಂಚಿಗೆ ಹತ್ತಿಕೊಂಡ ಬೆಲ್ಲ. ಇಂಥವಕ್ಕೆ ನೆಲಮಾಳಿಗೆಯ ತಂಪು ಸಾಕು, 12 ಡಿಗ್ರಿ ಹತ್ತಿರ. 5ಕ್ಕೆ ಕಾಟು, 9.

ಆ ಏಲ್‌ನ ಊರು ಮ್ಯಾಸಮ್, ಲೀಡ್ಸ್‌ನಿಂದ ಉತ್ತರಕ್ಕೆ. ಹಿಂದೆ ಅಲ್ಲಿಯ ಚರ್ಚಿಗೆ ತನ್ನದೇ ಸ್ವತಂತ್ರ ನ್ಯಾಯಾಲಯ ಇತ್ತು, ಅದಕ್ಕೆ ಪೆಕ್ಯುಲಿಯರ್ ಅಂತ ಹೆಸರು. ವಿಚಿತ್ರ ಅನ್ನೋ ಅರ್ಥ ಅಲ್ಲ. ಥೀಕ್‌ಸ್ಟನ್ ಮನೆತನ 1827ರಿಂದ ಅಲ್ಲಿ ಏಲ್ ಮಾಡುತ್ತಿದೆ. ನಡುವೆ ಕಾರ್ಖಾನೆ ದೊಡ್ಡ ಕಂಪನಿಗಳ ಪಾಲಾದಾಗ ಮನೆಯವರಲ್ಲೊಬ್ಬ, ಪಾಲ್ ಥೀಕ್‌ಸ್ಟನ್, ಹೊರಬಂದು 1992ರಲ್ಲಿ ಅದೇ ಊರಿನಲ್ಲಿ ಇನ್ನೊಂದು ಕಾರ್ಖಾನೆ ತೆರೆದ. ಇಟ್ಟ ಹೆಸರು ಬ್ಲ್ಯಾಕ್ ಶೀಪ್, ಕಪ್ಪು ಕುರಿ. ಇಂಗ್ಲಿಷಿನಲ್ಲಿ ಮನೆತನಕ್ಕೆ ಒಗ್ಗದವನನ್ನು ಹಾಗೆ ಕರೆಯುತ್ತಾರೆ. ಅವರ ಒಂದು ಗಟ್ಟಿ ಏಲ್‌ನ ಹೆಸರು ರಿಗ್‌ವೆಲ್ಟರ್. ಯಾರ್ಕ್‌ಷೈರ್ ಕುರಿ ಕಾಯುವವರ ಮಾತು ಅದು. ಬೆನ್ನ ಮೇಲೆ ಉರುಳಿಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ, ಏಳಲಾಗದೆ ಒದ್ದಾಡುವ ಕುರಿ. ಕುಡಿದವನ ಗತಿಯನ್ನು ಲೇಬಲ್ಲಿನಲ್ಲೇ ಹೇಳಿಬಿಟ್ಟಿದ್ದಾರೆ. ಹೆಸರಿಗೇ ಒಂದು ಅಂಕ ಜಾಸ್ತಿ ಕೊಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನನಗೆ ತುಂಬಾ ನಾಚಿಕೆ ತಂದ ಕಾಟು ಇನ್ನೊಂದಿದೆ. ಟಿಮೊತಿ ಟೇಲರ್ ಅವರ ಲ್ಯಾಂಡ್‌ಲಾರ್ಡ್. ಲೀಡ್ಸ್ ಹತ್ತಿರದ ಕೀತ್ಲಿ ಊರಿನ ಪೇಲ್ ಏಲ್, ಆಲ್ಕೋಹಾಲ್ ಶೇ. 4ರ ಆಸುಪಾಸು. ನಾಲ್ಕು ಗುಟುಕು ಕುಡಿದು, ಕಣ್ಣು ಮುಚ್ಚಿ ಯೋಚಿಸಿ, "ಸಾಧಾರಣ" ಅಂತ 5 ಕೊಟ್ಟಿದ್ದೆ. ಎರಡು ವರ್ಷ ಆದ ಮೇಲೆ ಅಂಗಡಿಯ ಹಳೇ ಬಿಲ್ಲುಗಳು ಕೈಗೆ ಸಿಕ್ಕವು. ನೋಡುತ್ತೇನೆ, ಎಲ್ಲಕ್ಕಿಂತ ಜಾಸ್ತಿ ಸಲ ಕೊಂಡದ್ದು ಅದನ್ನೇ! ಅಂಕಪಟ್ಟಿಯಲ್ಲಿ ಪಾಸು ಮಾತ್ರ, ಬಿಲ್ಲಿನಲ್ಲಿ ಮೊದಲನೇ ರ‍್ಯಾಂಕ್.

ರುಚಿ ನೋಡಿ ಅಂಕ ಹಾಕುವವರೆಲ್ಲ ಬೀಳುವ ಹಳ್ಳ ಇದು. ಒಂದೇ ಗುಟುಕಿನಲ್ಲಿ ಗಟ್ಟಿ ಏಲ್ ಗೆಲ್ಲುತ್ತದೆ. ಶೇ. 8ರದ್ದು ಬಾಯಿಗೆ ಬಿದ್ದ ಕೂಡಲೇ ತನ್ನ ಕತೆಯೆಲ್ಲ ಹೇಳಿಬಿಡುತ್ತದೆ. ಬಿಟರ್, ಅಂದರೆ ಲ್ಯಾಂಡ್‌ಲಾರ್ಡ್ ಥರದ ಹಗುರ ಏಲ್, ಹಾಗಲ್ಲ. ಪಬ್ಬಿನಲ್ಲಿ ಮಾತಾಡುತ್ತಾ ಒಂದಾದ ಮೇಲೊಂದು ಪೈಂಟ್ ಕುಡಿಯಲೆಂದು ಮಾಡಿದ್ದು ಅದು. ಅನ್ನ ಸಾರಿಗೆ ಮೈಸೂರು ಪಾಕಿನ ಜೊತೆ ಸ್ಪರ್ಧೆ ಇಟ್ಟರೆ ಯಾರು ಗೆಲ್ಲುತ್ತಾರೆ? ಅದಕ್ಕೇ ಈಗ ನನ್ನ ನಿಯಮ ಒಂದೇ: ಲೋಟ ಖಾಲಿಯಾಗುವವರೆಗೆ ಪೆನ್ನು ಮುಟ್ಟುವುದಿಲ್ಲ. ಬಿಟರ್ ಆದರೆ ಮುಂದಿನ ಶನಿವಾರ ಇನ್ನೊಂದು ಬಾಟಲಿ ಕುಡಿದೇ ಅಂಕ. ಲ್ಯಾಂಡ್‌ಲಾರ್ಡ್‌ಗೆ ಈಗ 9.

ಕೆಲವು ಕಾಟುಗಳಿಗೆ ಸರಕಾರ ಕಾರಣ. 2023ರ ಆಗಸ್ಟಿನಿಂದ ಇಲ್ಲಿ ಸುಂಕದ ಲೆಕ್ಕ ಬದಲಾಯಿತು. ಶೇ. 3.5ಕ್ಕಿಂತ ಕಡಿಮೆ ಇದ್ದರೆ ಸುಂಕ ಕಡಿಮೆ. ಹಾಗಾಗಿ ಕೆಲವು ಏಲ್‌ಗಳು ಸದ್ದಿಲ್ಲದೆ 3.4ಕ್ಕೆ ಇಳಿದವು. ಲೇಬಲ್ ಅದೇ, ಒಳಗಿನದು ತೆಳು. ಅವುಗಳ ಹಳೇ ಅಂಕವನ್ನು ಸುಮ್ನೆ ಹೊಡೆದು ಹಾಕಿದ್ದೇನೆ.

ಕಡೆಯ ಪುಟದಲ್ಲಿ ಒಂದೇ ಹೆಸರು ಎರಡು ಸಲ ಇದೆ. ಲಂಡನ್ನಿನ ಫುಲ್ಲರ್ಸ್‌ನ ವಿಂಟೇಜ್ ಏಲ್. 1997ರಿಂದ ಶುರುವಾದದ್ದು, ಶೇ. 8.5, ಬಾಟಲಿಯ ಮೇಲೆ ಆ ವರ್ಷದ ಇಸವಿ. ಇದೂ ಜೀವಂತ ಏಲ್, ಇಟ್ಟಷ್ಟೂ ಬದಲಾಗುತ್ತದೆ. ಒಂದೇ ವರ್ಷದ ಮೂರು ಬಾಟಲಿ ತಂದಿದ್ದೆ. ಮೊದಲನೆಯದನ್ನು ಆಗಲೇ ಕುಡಿದೆ. ಕಿತ್ತಳೆ ಸಿಪ್ಪೆ, ಕಹಿ, ಗಂಟಲಲ್ಲಿ ಬಿಸಿ: 7. ನಾಲ್ಕು ವರ್ಷ ಬಿಟ್ಟು ಎರಡನೆಯದು. ಕಹಿ ಅಡಗಿ, ಬಾದಾಮಿ, ಹಳೇ ಬೆಲ್ಲ: 9. ಈ ಎರಡಕ್ಕೂ ಕಾಟು ಹೊಡೆದಿಲ್ಲ, ಎರಡೂ ಸರಿಯೇ. ಮೂರನೆಯದು ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ನೆಟ್ಟಗೆ ನಿಂತಿದೆ. ಹೆಂಡತಿ ವ್ಯಾಕ್ಯೂಮ್ ಕ್ಲೀನರ್ ತೆಗೆಯುವಾಗೆಲ್ಲ ಅದಕ್ಕೆ ತಾಗಿಸಿ ಗಸಿ ಎಬ್ಬಿಸುತ್ತಾಳೆ. ನಾನು ಏನೂ ಹೇಳುವುದಿಲ್ಲ.

ನಮಸ್ಕಾರ.